ಸಾವಿನ ಮನೆಯ ಕೆಂಪು

"ಹುಲಿ ತೋರಿಸಿ ಯಾರಿಗೆ ಟೋಪಿ ಹಾಕ್ತೀಯಪ್ಪ? ನಮ್ಮ ಕುಮಾಸಿಯಲ್ಲಿ ಹುಲಿ ಸತ್ರೆ ಬ್ಯಾನರ್ ಕಟ್ಟೋರು ಯಾರು?" ಪ್ರಿಂಟರ್ ಮಾರುವವನು ಬಿಡಿಸಿ ಹಿಡಿದ ಹುಲಿಯ ಚಿತ್ರ ನೋಡಿ ಬಾದು ಗದರಿದ.

"ಮಾವ, ಸ್ವಲ್ಪ ಬಾಯಿ ಮುಚ್ಕೊಂಡಿರ್ತೀರಾ? ಮಷೀನ್ ನೋಡೋಕೆ ಬಂದಿರೋದು, ಜಗಳಕ್ಕಲ್ಲ," ಎಂದಳು ಅಬ್ರಫಿ.

"ಬಾಯಿ ಮುಚ್ಕೊಂಡಿದ್ದಕ್ಕೇ ಇಲ್ಲಿವರೆಗೂ ಎಳ್ಕೊಂಡು ಬಂದೆ ನೀನು."

ಬಾದು ಅವಳ ತಾಯಿಯ ಅಣ್ಣ. ಬೋರ್ಡ್ ಬರೆಯುವ ಅಂಗಡಿ ಅವನದು, ಅವನ ನಂತರ ತಂಗಿಯ ಮಕ್ಕಳದು. ಅವನು ಹೂಂ ಅನ್ನದೆ ಆ ಅಂಗಡಿಯ ಗೋಡೆಗೆ ಒಂದು ಮೊಳೆಯನ್ನೂ ಹೊಡೆಯುವಂತಿರಲಿಲ್ಲ. ಸತ್ತವರ ಮುಖವನ್ನು ಅವನಂತೆ ಬರೆಯುವವರು ಊರಲ್ಲಿ ಇನ್ನೊಬ್ಬರಿಲ್ಲ, ನಿಜ. ಆದರೆ ಒಂದು ಮುಖಕ್ಕೆ ನಾಲ್ಕು ದಿನ. ಗುರುವಾರ ಬಂದು ಶನಿವಾರದ ಸಾವಿನ ಕಾರ್ಯಕ್ಕೆ ಹನ್ನೆರಡು ಬ್ಯಾನರ್ ಕೇಳುವವರು ಕಾಯುತ್ತಾರೆಯೇ? ಎದುರಿನ ಪ್ರಿಂಟಿಂಗ್ ಅಂಗಡಿಗೆ ಹೋಗುತ್ತಿದ್ದರು. ಮೂರು ತಿಂಗಳಲ್ಲಿ ಇವರಿಗೆ ಬಂದದ್ದು ಎರಡೇ ಕೆಲಸ. ಒಂದು ಕ್ಷೌರದಂಗಡಿಯ ಬೋರ್ಡು, ಇನ್ನೊಂದು ಗೋಡೆಯ ಮೇಲೆ 'ಇಲ್ಲಿ ಉಚ್ಚೆ ಹೊಯ್ಯಬಾರದು'. ಹೀಗೇ ಹೋದರೆ ಈಸ್ಟರ್ ಹೊತ್ತಿಗೆ ಬಾಗಿಲು ಹಾಕಬೇಕು. ಹತ್ತು ವರ್ಷ ಬಟ್ಟೆ ಮಾರಿ ಉಳಿಸಿದ್ದನ್ನೆಲ್ಲ ಈ ದೊಡ್ಡ ಪ್ರಿಂಟರಿಗೆ ಸುರಿಯಲು ಅಬ್ರಫಿ ತಯಾರಾಗಿ ಬಂದಿದ್ದಳು.

ಗೋದಾಮಿನಲ್ಲಿದ್ದ ಮಷೀನುಗಳೆಲ್ಲ ಯುರೋಪಿನಲ್ಲಿ ಬಳಸಿ ಹಡಗಿನಲ್ಲಿ ಬಂದವು. ಮಾರುವವನು ಲ್ಯಾಂಪ್ಟಿ. ಅವನು ಹುಲಿಯ ಚಿತ್ರವನ್ನು ಇನ್ನಷ್ಟು ಅಗಲಕ್ಕೆ ಬಿಡಿಸಿ ಹಿಡಿದ. "ಯಜಮಾನ್ರೇ, ಹತ್ರ ಬಂದು ನೋಡಿ. ಮೀಸೆ ಕೂದಲು ಎಣಿಸಬಹುದು."

"ಮೀಸೆ ನೀನು ಎಣಿಸ್ಕೊ. ನಂಗೆ ಬರೀ ಕೆಂಪು ಹೊಡೆದು ತೋರಿಸು. ಒಂದು ಗಜ ಕೆಂಪು, ಪಕ್ಕದಲ್ಲಿ ಕಪ್ಪು. ಚಿತ್ರ ಗಿತ್ರ ಬೇಡ."

"ಬರೀ ಬಣ್ಣ ಯಾರೂ ಕೇಳಲ್ಲ."

"ಸಾವಿನ ಮನೆಯವರು ಕೇಳ್ತಾರೆ. ನಮ್ಮಲ್ಲಿ ದುಃಖದ ಬಣ್ಣ ಕೆಂಪು ಕಪ್ಪೇ."

ಲ್ಯಾಂಪ್ಟಿ ಒಲ್ಲದ ಮನಸ್ಸಿನಿಂದ ಗುಂಡಿ ಒತ್ತಿದ. ಮಷೀನು ಗುರ್ ಎಂದು ಅತ್ತಿಂದಿತ್ತ ಓಡಾಡಿತು. ಮೊಳದಷ್ಟು ಕೆಂಪು ಹೊರಬರುತ್ತಲೇ ಬಾದು ಅದರ ಮೇಲೆ ಬಗ್ಗಿದ.

"ಇಲ್ಲಿ ಬಾರೇ. ಏನಿದು?"

ಕೆಂಪಿನ ಉದ್ದಕ್ಕೂ ಬಾಚಣಿಗೆ ಎಳೆದ ಹಾಗೆ ಕೂದಲೆಳೆಯ ಬಿಳಿ ಗೆರೆಗಳು. ಹುಲಿಯ ಪಟ್ಟೆಗಳಲ್ಲಿ ಅವು ಅಡಗಿಕೊಂಡಿದ್ದವು.

"ಧೂಳು ಯಜಮಾನ್ರೇ. ಉತ್ತರದ ಒಣಗಾಳಿ ನೋಡಿ, ಇಂಕು ಬರೋ ತೂತು ಕಟ್ಟಿಕೊಂಡಿದೆ. ತೊಳೆದ್ರೆ ಹೋಗುತ್ತೆ."

"ಹೋಗೋದಾಗಿದ್ರೆ ನಾವು ಬರೋ ಮುಂಚೆನೇ ತೊಳೀತಿದ್ದೆ."

ಹೋದ ವಾರ ಒಬ್ಬಳೇ ಬಂದಿದ್ದಾಗ ಆ ಹುಲಿಗೇ ಅಬ್ರಫಿ ಮರುಳಾಗಿದ್ದಳು. ನಡಿ ಮನೆಗೆ ಎನ್ನುತ್ತಾನೆ ಈಗ, ಅಲ್ಲಿಗೆ ಮುಗಿಯಿತು, ಎಂದುಕೊಂಡಳು. ಬಾದು ಹಾಗೆನ್ನಲಿಲ್ಲ. ಮೂಲೆಯಲ್ಲಿ ಟಾರ್ಪಾಲು ಹೊದ್ದಿದ್ದ ಇನ್ನೊಂದು ಮಷೀನಿನತ್ತ ಕೈ ತೋರಿಸಿದ.

"ಅದನ್ನ ಹಾಕು ನೋಡಣ."

ಟಾರ್ಪಾಲು ತೆಗೆದಾಗ ಅವನು ಸುತ್ತ ಒಂದು ಪ್ರದಕ್ಷಿಣೆ ಬಂದ. ಕೂತು ಅದರ ಕೆಳಗೆ ಇಣುಕಿದ. "ಎಲ್ಲಾ ಬಣ್ಣಾನೂ ಈ ನಾಲ್ಕೇ ಇಂಕಿನ ಡಬ್ಬಿಯಿಂದಾನಾ?"

"ನಾಲ್ಕೇ."

"ಹಸಿರು?"

"ಹಸಿರೂ ಅಷ್ಟೇ. ನೀಲಿ, ಹಳದಿ ಸೇರಿಸುತ್ತೆ."

"ಅದು ನಂಗೊತ್ತು ಬಿಡು. ಇದಕ್ಕೆ ಹೆಂಗೆ ಗೊತ್ತಾಯ್ತು ಅಂತ."

ಈ ಮಷೀನಿನ ಕೆಂಪಿನಲ್ಲಿ ಗೆರೆಯಿರಲಿಲ್ಲ. ಆದರೂ ಬಾದು ಮೂಗು ಮುರಿದ. "ಇದು ಟೊಮ್ಯಾಟೊ. ಮದುವೆಗಾದ್ರೆ ಆಗುತ್ತೆ. ಹಳದಿ ತಗ್ಗಿಸು. ಇನ್ನೂ. ಈಗ ಕಪ್ಪು ಬೆರೆಸು. ಅಷ್ಟಲ್ಲಯ್ಯಾ, ಉಪ್ಪು ಹಾಕಿದ ಹಾಗೆ."

ಲ್ಯಾಂಪ್ಟಿ ಕಂಪ್ಯೂಟರಿನಲ್ಲಿ ಅಂಕಿ ಬದಲಿಸುತ್ತಾ ಹೋದ. ಐದು ತುಂಡುಗಳು ನೆಲಕ್ಕೆ ಬಿದ್ದವು. ಬಾದು ಮೊಣಕಾಲೂರಿ ಒಂದರ ಪಕ್ಕ ಒಂದಿಟ್ಟು ನೋಡುತ್ತಿದ್ದ. ಇಪ್ಪತ್ತು ವರ್ಷದಲ್ಲಿ ಅವನ ಮುಖದಲ್ಲಿ ಇಷ್ಟು ಹುಡುಗಾಟವನ್ನು ಅಬ್ರಫಿ ಕಂಡಿರಲಿಲ್ಲ.

ಆರನೆಯದು ಹೊರಬಂದಾಗ ಅವನು ಉಳಿದ ಐದನ್ನೂ ಪಕ್ಕಕ್ಕೆ ತಳ್ಳಿದ.

ಅಬ್ರಫಿಗೆ ಗುರುತು ಸಿಕ್ಕಿತು. ಅವನ ಕೆಂಪೇ ಅದು. ಅಂಗಡಿಯಲ್ಲಿ ಅದನ್ನು ಕಲಸುವಾಗ ಬೆರಕೆಯ ಗುಟ್ಟು ಕಾಣದಂತೆ ಅವನು ಅವಳಿಗೂ ಬೆನ್ನು ತಿರುಗಿಸುತ್ತಿದ್ದ.

"ಈ ನಂಬರ್ ಬರೆದಿಟ್ಕೊಳ್ಳಿ ಅಕ್ಕಾ," ಎಂದ ಲ್ಯಾಂಪ್ಟಿ. "ಯಾವಾಗ ಹೊಡೆದ್ರೂ ಇದೇ ಬರುತ್ತೆ."

"ಯಾರು ಹೊಡೆದ್ರೂ?" ಬಾದು ಕೇಳಿದ.

"ಯಾರು ಹೊಡೆದ್ರೂ."

ಬಾದು ಕೆಂಪು ಕಪ್ಪಿನ ಆ ತುಂಡನ್ನು ಎತ್ತಿಕೊಂಡ. "ಇದನ್ನೇ ತಗೊ. ಅದು ಬೇಡ," ಎಂದ. ಆಮೇಲೆ, "ಬಿಸಿಲಲ್ಲಿ ಹೆಂಗಿರುತ್ತೆ ನೋಡ್ತೀನಿ," ಎಂದು ಹೊರಗೆ ನಡೆದ.

ಬಾಗಿಲಿನಿಂದ ಅವನು ಕಾಣುತ್ತಿದ್ದ. ತುಂಡನ್ನು ಕಾಂಪೌಂಡಿನ ಗೋಡೆಗೆ ಇಳಿಬಿಟ್ಟು ಮೇಲೆ ಎರಡು ಕಲ್ಲು ಹೇರಿದ. ಹಿಂದೆ ಸರಿದ, ಹತ್ತಿರ ಹೋದ, ತಲೆ ಓರೆ ಮಾಡಿದ. ಅಬ್ರಫಿ ತಿರುಗಿ ಇಂಕಿನ ಬಾಟಲಿಗೆ ಎಷ್ಟು, ಮಷೀನು ಓಡಿಸಲು ಕಲಿಸುವವರು ಯಾವಾಗ ಬರುತ್ತಾರೆ ಎಂದು ಲ್ಯಾಂಪ್ಟಿಯೊಡನೆ ಮಾತಿಗಿಳಿದಳು.

ಅವಳು ಹೊರಬಂದಾಗ ಗೋಡೆಯ ಬಳಿ ಯಾರೂ ಇರಲಿಲ್ಲ. ಊಟಕ್ಕೆ ಹೋಗಿರಬೇಕು ಎಂದು ನೆರಳಿನಲ್ಲಿ ಕಾದಳು. ಅವರ ಕಡೆಗೆ ಹೋಗುವ ಎರಡು ಬಾಡಿಗೆ ವ್ಯಾನುಗಳು ಜನ ತುಂಬಿಕೊಂಡು ಹೊರಟುಹೋದವು. ಮಧ್ಯಾಹ್ನ ಕಳೆದರೂ ಬಾದು ಬರಲಿಲ್ಲ. 'ಯಾರು ಹೊಡೆದ್ರೂ?' ಎಂದು ಅವನು ಕೇಳಿದ್ದು ಆಗ ಅವಳಿಗೆ ನೆನಪಾಯಿತು.

ಗೆಣಸು ಮಾರುವವಳೊಬ್ಬಳು ದಾರಿಯಲ್ಲಿ ನಿಂತು ಗೋಡೆಯ ಮೇಲಿನ ಕೆಂಪು ಕಪ್ಪನ್ನು ನೋಡಿದಳು. ದನಿ ತಗ್ಗಿಸಿ ಕೇಳಿದಳು.

"ಯಾರು ತೀರಿಕೊಂಡ್ರಮ್ಮ?"

"ಯಾರೂ ಇಲ್ಲ. ಬಣ್ಣ ನೋಡ್ತಿದ್ವಿ, ಅಷ್ಟೇ."

ಹೆಂಗಸು ನಂಬಲಿಲ್ಲ. ತಲೆಯ ಮೇಲಿನ ಬುಟ್ಟಿಯನ್ನು ಇಳಿಸಿ, ಗೋಡೆಯ ಮುಂದೆ ಸತ್ತವರಿಗೆಂಬಂತೆ ಒಂದು ಗಳಿಗೆ ತಲೆಬಾಗಿ ನಿಂತು, ಮತ್ತೆ ಎತ್ತಿಕೊಂಡು ಹೊರಟಳು.