ಏಳು ಹನಿ ಎಣ್ಣೆ

ಇಪ್ಪತ್ತಾರು ವರ್ಷ ಹೊಲಿಗೆ ಯಂತ್ರ ರಿಪೇರಿ ಮಾಡಿಕೊಂಡು ಬದುಕಿದ ನನಗೆ ಎರಡು ಜಂಬಗಳಿದ್ದವು. ಯಾವ ಯಂತ್ರವೇ ಆಗಲಿ, ಸದ್ದು ಕೇಳಿಯೇ ಅದರ ಯೋಗ್ಯತೆ ಹೇಳಬಲ್ಲೆ ಎನ್ನುವುದು ಒಂದು. ಗಿರಾಕಿಗಳು ಹೇಳುವ ಸುಳ್ಳು ನನ್ನ ಮುಂದೆ ನಡೆಯುವುದಿಲ್ಲ ಎನ್ನುವುದು ಇನ್ನೊಂದು. "ನಾವೇನೂ ಮಾಡಿಲ್ಲ, ತಾನಾಗೇ ನಿಂತ್ಹೋಯ್ತು" ಎಂದು ಬರುತ್ತಾರೆ. ನಾನು ಮುಚ್ಚಳ ಬಿಚ್ಚಿ, ಒಳಗೆ ಬೆರಳಾಡಿಸಿ, ಮೂಗಿನ ಹತ್ತಿರ ತಂದು ಮೂಸುತ್ತೇನೆ. "ತಲೆಗೆ ಹಚ್ಚೋ ಎಣ್ಣೆ ಹಾಕಿದ್ದೀರಲ್ಲಮ್ಮ?" ಎಂದರೆ ಸಾಕು, ಎಂಥ ಗಟ್ಟಿಗಿತ್ತಿಯೂ ನೆಲ ನೋಡುತ್ತಾಳೆ. ಆಮೇಲೆ ಕಾಲು ಗಂಟೆ ಎಣ್ಣೆಯ ಮೇಲೆ ನನ್ನ ಪಾಠ. ಅಂಗಡಿಯ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಬರೆಸಿಯೂ ಇದ್ದೇನೆ: 'ಸುಳ್ಳು ಹೇಳಬೇಡಿ, ಯಂತ್ರ ಹೇಳಿಬಿಡುತ್ತದೆ.' ಬೀದಿಯವರು ನನ್ನನ್ನು ಎಣ್ಣೆ ಮೇಷ್ಟ್ರು ಎಂದು ಕರೆಯುವುದು ಗೌರವದಿಂದ ಎಂದೇ ತುಂಬ ವರ್ಷ ನಂಬಿದ್ದೆ.

ಮಗಳಿಗೆ ಶಾಲೆಯಲ್ಲಿ ಕಂಪ್ಯೂಟರ್ ಮೇಲೆ ಯಂತ್ರಗಳ ನಕ್ಷೆ ಬಿಡಿಸುವ ತರಗತಿಗೆ ಜಾಗ ಸಿಕ್ಕಿತು. ಇದ್ದದ್ದು ಇಪ್ಪತ್ತು ಜಾಗ, ಅವಳದು ಹತ್ತೊಂಬತ್ತನೆಯದು. ಸೋಮವಾರ ಬೆಳಿಗ್ಗೆ ಸರಿಯಾಗಿ ಕೆಲಸ ಮಾಡುವ ಲ್ಯಾಪ್‌ಟಾಪ್ ತರದಿದ್ದರೆ ಆ ಜಾಗ ಕಾಯುತ್ತಿರುವ ಬೇರೆಯವರಿಗೆ ಹೋಗುತ್ತದೆ ಎಂದು ಟೀಚರ್ ಹೇಳಿ ಕಳಿಸಿದ್ದರು. ಚಿಕ್ಕವಳಿದ್ದಾಗಿನಿಂದ ನನ್ನ ಬೆಂಚಿನ ಪಕ್ಕ ಕೂತು ಬಿಚ್ಚಿಟ್ಟ ಯಂತ್ರಗಳ ಹೊಟ್ಟೆಯೊಳಗಿನದನ್ನೆಲ್ಲ ರಟ್ಟಿನ ಮೇಲೆ ಬಿಡಿಸಿದವಳು ಅವಳು. ಆ ಜಾಗ ಸಿಕ್ಕ ದಿನ ಅವಳಿಗೆ ಊಟ ಸೇರಲಿಲ್ಲ. ನನಗೂ ಸೇರಲಿಲ್ಲ, ಆದರೆ ನಾನು ಹೊಟ್ಟೆ ಸರಿಯಿಲ್ಲ ಎಂದೆ.

ಎಂಥ ಲ್ಯಾಪ್‌ಟಾಪ್ ಇರಬೇಕು ಎಂದು ಟೀಚರ್ ಒಂದು ಚೀಟಿಯಲ್ಲಿ ನಾಲ್ಕು ಸಾಲು ಬರೆದುಕೊಟ್ಟಿದ್ದರು. ಮಗಳು ಅದನ್ನು ನನಗೆ ಕೊಟ್ಟಳು. ನಾನು ಓದದೆ ಜೇಬಿಗೆ ಹಾಕಿಕೊಂಡೆ. ಯಂತ್ರ ಆರಿಸುವುದಕ್ಕೆ ನನಗೆ ಚೀಟಿಯೇ?

ಶನಿವಾರ ಬೆಳಿಗ್ಗೆ ಹಳೆಯ ಲ್ಯಾಪ್‌ಟಾಪ್‌ಗಳನ್ನು ಸರಿಮಾಡಿ, ಒಂದು ವರ್ಷದ ಗ್ಯಾರಂಟಿ ಕೊಟ್ಟು ಮಾರುವ ಅಂಗಡಿಗೆ ಹೋದೆವು. ಮಗಳು ನೆಟ್ಟಗೆ ಹೋಗಿ ತೆಳ್ಳನೆಯ ಬೂದು ಬಣ್ಣದ ಒಂದರ ಮುಂದೆ ನಿಂತಳು. ನಾನು ಅದನ್ನು ಎತ್ತಿ ನೋಡಿದೆ, ತೂಕವೇ ಇಲ್ಲ. ಕಿವಿ ಇಟ್ಟೆ, ಸದ್ದೂ ಇಲ್ಲ.

"ಇದು ಸತ್ತಿದೆ" ಎಂದೆ.

"ಆನ್ ಆಗಿದೆ ಸಾರ್" ಎಂದ ಮಾರುವವನು.

ಅದರ ಪಕ್ಕದಲ್ಲಿ ಕರೀ ಬಣ್ಣದ, ದಪ್ಪ ಅಂಚಿನ ಇನ್ನೊಂದಿತ್ತು. ಎತ್ತಿದರೆ ಕೈಗೆ ಏನೋ ಸಿಕ್ಕಿದೆ ಎನಿಸುವಷ್ಟು ಭಾರ. ಕೆಳಗೆ ಹನ್ನೊಂದು ತಿರುಪು, ಎಲ್ಲವೂ ಕಣ್ಣಿಗೆ ಕಾಣುವಂಥವು. ಒಳಗಿನಿಂದ ಗುಂಯ್ ಎಂದು ಸದ್ದು ಬರುತ್ತಿತ್ತು. ನನ್ನ ಮುಖ ಅರಳಿತು.

"ನೋಡು, ಇದು ಉಸಿರಾಡ್ತಿದೆ."

"ಅಪ್ಪ, ಅದು ಬಿಸಿಯಾಗಿ ಫ್ಯಾನ್ ಒದ್ದಾಡ್ತಿರೋದು. ಇದಕ್ಕೆ ಬ್ಯಾಟರಿ ಎರಡೇ ಗಂಟೆ. ಆ ಬೂದು ಬಣ್ಣದ್ದಕ್ಕೆ ಐದು ಗಂಟೆ. ಬೆಲೆನೂ ಹೆಚ್ಚು ಕಮ್ಮಿ ಒಂದೇ."

"ಮಗಳೇ, ನಾನು ಎಷ್ಟು ಯಂತ್ರ ನೋಡಿದ್ದೀನಿ?"

"ಹೊಲಿಗೆ ಯಂತ್ರ" ಎಂದಳು ಮೆಲ್ಲಗೆ. ನಾನು ಕೇಳಿಸದವನಂತೆ ದುಡ್ಡು ಎಣಿಸಿದೆ.

ಮನೆಗೆ ಬಂದ ಮೇಲೆ ನನ್ನ ಹೆಂಡತಿ ಚೀಲ ಎತ್ತಿ ನೋಡಿ ಕೆಳಗಿಟ್ಟಳು. "ಶಾಲೆಗೆ ಅರ್ಧ ಗಂಟೆ ನಡೀಬೇಕು. ಇದನ್ನ ಹೊರೋಕೆ ಯಾರನ್ನಾದ್ರೂ ಗೊತ್ತು ಮಾಡಿದ್ದೀರಾ?" ಎಂದಳು. ಹಿತ್ತಲ ಗಿಡ ಮದ್ದಲ್ಲ ಎಂದು ಸುಮ್ಮನೆ ಹೇಳುತ್ತಾರೆಯೇ, ಮನೆಯವರಿಗೆ ನನ್ನ ವಿದ್ಯೆ ಎಂದೂ ಕಾಣಿಸಿದ್ದಿಲ್ಲ.

ಇಲ್ಲಿಗೆ ನಿಂತಿದ್ದರೂ ಆಗುತ್ತಿತ್ತು. ಆದರೆ ನನಗೊಂದು ವ್ರತವಿದೆ. ನನ್ನ ಕೈ ದಾಟಿ ಹೋಗುವ ಯಾವ ಯಂತ್ರವೂ ಎಣ್ಣೆ ಕಾಣದೆ ಹೋಗಕೂಡದು. ಮಧ್ಯಾಹ್ನ ತಾಯಿ ಮಗಳು ಹೊರಗೆ ಹೋದಾಗ ಲ್ಯಾಪ್‌ಟಾಪನ್ನು ನನ್ನ ಅಂಗಡಿಯ ಬೆಂಚಿನ ಮೇಲಿಟ್ಟೆ. ಕೆಳಗೆ ಒಂದು ತಿರುಪಿನ ಮೇಲೆ 'ತೆಗೆದರೆ ಗ್ಯಾರಂಟಿ ಇಲ್ಲ' ಎಂಬ ಕಾಗದ ಅಂಟಿಸಿದ್ದರು. ಅದನ್ನು ಬಿಸಿ ಮಾಡಿದ ಬ್ಲೇಡಿನಿಂದ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಎಬ್ಬಿಸಿದೆ. ಉದ್ದ ಮೂತಿಯ ಡಬ್ಬಿಯಿಂದ ಒಳ್ಳೆಯ ಯಂತ್ರದ ಎಣ್ಣೆಯನ್ನು, ಎಲ್ಲಿ ಬೇಕೋ ಅಲ್ಲಿ, ಅಳತೆ ಮಾಡಿ ಬಿಟ್ಟೆ. ತಿರುಪು ಬಿಗಿದು ಕಾಗದವನ್ನು ಮೊದಲಿನಂತೆಯೇ ಅಂಟಿಸಿದೆ. ಸ್ವಿಚ್ ಹಾಕಿದರೆ ಗುಂಯ್ ಎನ್ನುವ ಸದ್ದು ಮೆತ್ತಗಾಗಿತ್ತು. ಮಗಳಿಗೆ ಹೇಳದೆಯೇ ಮಾಡಿದ ಉಪಕಾರವೆಂದು ನನಗೆ ಒಳಗೊಳಗೇ ಸಂತೋಷವಾಯಿತು.

ಭಾನುವಾರ ಬೆಳಿಗ್ಗೆ ಮಗಳು ಅದನ್ನು ತೆರೆದು ಒಂದು ಗೆರೆ ಎಳೆದಳು, ಎರಡು ಎಳೆದಳು. ಆ ಸದ್ದು ಪೂರ್ತಿ ನಿಂತಿತು. ಅಡಿಭಾಗ ಮುಟ್ಟಲಾಗದಷ್ಟು ಬಿಸಿಯಾಗಿ ಪರದೆ ಕಪ್ಪಾಯಿತು. ಅಕ್ಷರಗಳ ಕೆಳಗಿನ ಉದ್ದನೆಯ ಬಟನ್ ಒತ್ತಿದರೆ ಅದು ಒಳಗೇ ಅಂಟಿಕೊಂಡು ಮೇಲೇಳಲೇ ಇಲ್ಲ. ಅವಳು ಬಗ್ಗಿ ಒಮ್ಮೆ ಮೂಸಿದಳು. ಆಮೇಲೆ ನನ್ನನ್ನು ನೋಡಿದಳು.

ಅದನ್ನು ಕೊಂಡ ಅಂಗಡಿಯಲ್ಲಿ ಈ ಸಲ ನಮ್ಮನ್ನು ಮೂಲೆಯ ರಿಪೇರಿ ಮೇಜಿಗೆ ಕಳಿಸಿದರು. ಅಲ್ಲಿ ನನ್ನ ವಯಸ್ಸಿನವರೇ ಒಬ್ಬ ಮೇಡಂ ಕೂತಿದ್ದರು. ಕನ್ನಡಕ ಹಣೆಯ ಮೇಲೆ, ತಿರುಪುಳಿ ಕಿವಿಯ ಮೇಲೆ.

"ಬಿಚ್ಚಿದ್ರಾ?" ಎಂದು ಕೇಳಿದರು.

"ನಾವೇನೂ ಮಾಡಿಲ್ಲ, ತಾನಾಗೇ ನಿಂತ್ಹೋಯ್ತು" ಎಂದೆ.

ಒಂದಕ್ಷರ ಆಚೀಚೆ ಇಲ್ಲದೆ ಅದೇ ಮಾತು ನನ್ನ ಬಾಯಿಂದ ಬಂತು. ಅವರು ಹನ್ನೊಂದು ತಿರುಪು ತೆಗೆದು, ಒಳಗೆ ಬೆರಳಾಡಿಸಿ, ಮೂಗಿನ ಹತ್ತಿರ ತಂದು ಮೂಸಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ನಾನು ಬೆರಳುಗಳನ್ನು ಪ್ಯಾಂಟಿಗೆ ಒರೆಸಿಕೊಂಡೆ.

"ಎಣ್ಣೆ ಇದೆಯಲ್ಲ ಸಾರ್. ಯಾರು ಹಾಕಿದ್ದು?"

"ನಾನೇ" ಎಂದಳು ಮಗಳು.

ಮೇಡಂ ಅವಳ ಕಡೆ ತಿರುಗಿ ಶುರು ಮಾಡಿದರು. ಎಲ್ಲದಕ್ಕೂ ಎಣ್ಣೆಯೇ ಮದ್ದಲ್ಲ, ಇದು ಗಿರಣಿಯಲ್ಲ, ಓದುವ ಹುಡುಗಿಗೆ ಅಷ್ಟೂ ತಿಳಿಯುವುದಿಲ್ಲವೇ ಎಂದೆಲ್ಲ ಹೇಳಿದರು. ನಾನು ಕಾಲು ಗಂಟೆ ತೆಗೆದುಕೊಳ್ಳುವ ಪಾಠವನ್ನು ಅವರು ಐದೇ ನಿಮಿಷದಲ್ಲಿ, ನನಗಿಂತ ಚೆನ್ನಾಗಿ ಮುಗಿಸಿದರು. ಮಗಳು ನೆಲ ನೋಡುತ್ತ ನಿಂತಿದ್ದಳು. ಇಪ್ಪತ್ತಾರು ವರ್ಷ ಜನರನ್ನು ನೆಲ ನೋಡುವಂತೆ ಮಾಡಿದ ಮಹಾಶಯ ಪಕ್ಕದಲ್ಲೇ ಗೋಡೆಯ ಮೇಲಿನ ಕ್ಯಾಲೆಂಡರ್ ಓದುತ್ತಿದ್ದ.

"ಎಲ್ಲೆಲ್ಲಿ ಹಾಕ್ದೆ? ಎಷ್ಟು ಹಾಕ್ದೆ?" ಎಂದು ಮೇಡಂ ಕೇಳಿದರು.

ಅವಳಿಗೇನು ಗೊತ್ತು? "ನೆನಪಿಲ್ಲ... ಎಲ್ಲಾ ಕಡೆ ಇರಬೇಕು" ಎಂದಳು.

"ಹಾಗಾದ್ರೆ ಪೂರ್ತಿ ಬಿಚ್ಚಿ ಒಂದೊಂದೇ ಹುಡುಕಿ ತೊಳೀಬೇಕು. ಎಂಟು ದಿನ ಬೇಕು. ಗ್ಯಾರಂಟಿ ಹೋಯ್ತು, ಅದನ್ನ ಮರೆತುಬಿಡು."

"ನಾಳೆ ಬೇಕಿತ್ತು" ಎಂದಳು ಮಗಳು. ಅಷ್ಟೇ. ಮೇಡಂ ರಸೀದಿ ಬರೆಯಲು ಒಳಗೆ ಹೋದರು. ನಾವಿಬ್ಬರೂ ಬೆಂಚಿನ ಮೇಲೆ ಕೂತೆವು.

"ಯಾಕೆ ಹಾಗಂದೆ?" ಎಂದೆ.

"ನಾನು ಹಾಕಿದ್ದು ಅಂದ್ರೆ ಬೈತಾರೆ, ಅಷ್ಟೆ. ನೀನು ಅಂದ್ರೆ ನಗ್ತಾರಲ್ಲಪ್ಪ" ಎಂದಳು.

ನಾಳೆ ಕಳೆದುಹೋಗುವ ಜಾಗ ಅವಳದು. ಅವಳು ಕಾಯುತ್ತಿದ್ದದ್ದು ನನ್ನ ಮಾನವನ್ನು. ಅವಳ ಮುಖ ನೋಡಲು ನಾಚಿಕೆಯಾಯಿತು. ಮೇಡಂ ರಸೀದಿ ಹಿಡಿದು ಬಂದಾಗ ನಾನು ಎದ್ದು ಮೇಜಿನ ಹತ್ತಿರ ಹೋದೆ.

"ಮೇಡಂ, ಅವಳಲ್ಲ. ನಾನು."

"ಏನು ನೀವು?"

"ಎಣ್ಣೆ ಹಾಕಿದ್ದು. ಏಳು ಹನಿ. ಫ್ಯಾನಿನ ನಡುಮಧ್ಯಕ್ಕೆ ಒಂದು. ಪರದೆ ಮಡಚುವ ಎಡಗಡೆ ಕೀಲಿಗೆ ಒಂದು, ಬಲಗಡೆ ಕೀಲಿಗೆ ಎರಡು. ಉದ್ದ ಬಟನ್ನಿನ ಕೆಳಗೆ ಮೂರು."

ಮೇಡಂ ಕನ್ನಡಕವನ್ನು ಕಣ್ಣಿಗೆ ಇಳಿಸಿ ನನ್ನನ್ನು ನೋಡಿದರು. "ಬಲಗಡೆಗೆ ಯಾಕೆ ಎರಡು?"

"ಸ್ವಲ್ಪ ಬಿಗಿ ಇತ್ತು."

ಮೊದಲು ನಕ್ಕವನು ಮಾರುವವನು. ಆಮೇಲೆ ಚಾರ್ಜರ್ ಕೊಳ್ಳಲು ಬಂದಿದ್ದ ಗಂಡ ಹೆಂಡತಿ. ಮೇಡಂ ತಡೆದುಕೊಳ್ಳಲು ನೋಡಿದರು, ಆಗಲಿಲ್ಲ. ಕಣ್ಣಲ್ಲಿ ನೀರು ಬರುವಷ್ಟು ನಕ್ಕು, "ತಾವು ಏನು ಕೆಲಸ ಮಾಡೋದು?" ಎಂದು ಕೇಳಿದರು. ಹೇಳಿದೆ. ಇನ್ನೊಂದು ಸುತ್ತು ನಗು ಬಂತು. ಮಗಳು ಹೇಳಿದ್ದು ನಿಜ, ಬೈದಿದ್ದರೆ ಇದಕ್ಕಿಂತ ಸುಲಭವಾಗಿತ್ತು.

"ಬೇರೆ ಎಲ್ಲೂ ಬಿದ್ದಿಲ್ವಾ? ಖಾತ್ರಿನಾ?"

"ನನ್ನ ಬುದ್ಧಿ ಅಲುಗುತ್ತೆ ಮೇಡಂ, ಕೈ ಅಲುಗಲ್ಲ."

ಅವರು ನಾನು ಹೇಳಿದ ಜಾಗಗಳನ್ನು ಒಂದೊಂದಾಗಿ ನೋಡಿದರು. "ಸರಿಯಾಗೇ ಹೇಳಿದ್ದೀರಿ. ಇನ್ನೆಲ್ಲೂ ಹೋಗಿಲ್ಲ. ಫ್ಯಾನ್ ಬದಲಾಯಿಸಿ ಉಳಿದದ್ದು ಒರೆಸಿದ್ರೆ ಆಯ್ತು, ಸಂಜೆ ಆರಕ್ಕೆ ಬನ್ನಿ. ಜನ ಮೊದಲೇ ನಿಜ ಹೇಳಿದ್ರೆ ನಮ್ಮ ಅರ್ಧ ಕೆಲಸ ಉಳಿಯುತ್ತೆ ಸಾರ್" ಎಂದರು.

"ಗೊತ್ತು ಮೇಡಂ. ನನ್ನ ಅಂಗಡಿ ಗೋಡೆ ಮೇಲೆ ಬರೆಸಿದ್ದೀನಿ" ಎಂದೆ. ಈ ಸಲ ಮಗಳೂ ನಕ್ಕಳು.

ಸಂಜೆ ಆರಕ್ಕೆ ಲ್ಯಾಪ್‌ಟಾಪ್ ಕೈಗೆ ಬಂತು. ಹೊಸ ಫ್ಯಾನ್ ಸದ್ದೇ ಮಾಡುತ್ತಿರಲಿಲ್ಲ. ನಾನು ಕಿವಿ ಇಡಲು ಬಗ್ಗಿದೆ, ಮಗಳು ಕೆಮ್ಮಿದಳು, ನೆಟ್ಟಗಾದೆ.

ಸೋಮವಾರ ಬೆಳಿಗ್ಗೆ ಹೆಂಡತಿ ಆ ಚೀಲವನ್ನು ನನ್ನ ಹೆಗಲಿಗೆ ಹಾಕಿದಳು. ಅರ್ಧ ಗಂಟೆಯ ದಾರಿಯಲ್ಲಿ ನಾನು ಎರಡು ಸಲ ಹೆಗಲು ಬದಲಾಯಿಸಿದೆ. ಮಗಳು ಪಕ್ಕದಲ್ಲಿ ಕೈ ಬೀಸಿಕೊಂಡು ನಡೆದಳು. ಶಾಲೆಯ ಗೇಟಿನಲ್ಲಿ ಉಳಿದ ಮಕ್ಕಳೆಲ್ಲ ತೆಳ್ಳನೆಯ ಲ್ಯಾಪ್‌ಟಾಪ್‌ಗಳನ್ನು ಪುಸ್ತಕದಂತೆ ಕಂಕುಳಲ್ಲಿ ಇಟ್ಟುಕೊಂಡು ಒಳಗೆ ಹೋಗುತ್ತಿದ್ದರು.

ಚೀಲ ಕೊಡುತ್ತ ಹೇಳಿದೆ: "ಇದನ್ನ ಯಾರು ಆರಿಸಿದ್ದು ಅಂತ ಕೇಳ್ತಾರೆ. ನಮ್ಮಪ್ಪ ಅಂತ ಹೇಳು."

"ನಗ್ತಾರೆ."

"ನಗಲಿ. ನಿನ್ನ ಮೇಲೆ ಹಾಕ್ಕೋಬೇಡ."

ಅವಳು ಚೀಲವನ್ನು ಎರಡೂ ಹೆಗಲಿಗೆ ಏರಿಸಿಕೊಂಡು, ಸ್ವಲ್ಪ ಮುಂದಕ್ಕೆ ಬಾಗಿ, ಹತ್ತೊಂಬತ್ತನೆಯ ಜಾಗಕ್ಕೆ ಹೋದಳು. ಸಂಜೆ ನಾಲ್ಕಕ್ಕೆ ನಾನು ಅಂಗಡಿ ಮುಚ್ಚಿ, ಚೀಲ ಹೊರಲು ಮತ್ತೆ ಗೇಟಿನಲ್ಲಿ ನಿಂತಿದ್ದೆ.