ನಾಗನ ತಲೆಗೆ ಕಟ್ಟಿದ ಸಾವು

ರೂಪಶ್ರೀ ಅಮ್ಮಾವ್ರು ಮೂಡಿಗೆರೆಯಿಂದ ಬಾಡಿಗೆಗೆ ತರಿಸಿದ್ದ ಸಿನಿಮಾ ಕ್ಯಾಸೆಟ್ಟಿನಲ್ಲಿ ಹಾಡೂ ಇರಲಿಲ್ಲ, ಹೊಡೆದಾಟವೂ ಇರಲಿಲ್ಲ. ಭಾನುವಾರ ಮಧ್ಯಾಹ್ನ ಬಾಳೂರಿನ ಎಸ್ಟೇಟ್ ಬಂಗಲೆಯ ಜಗಲಿಯಲ್ಲಿ ಸಿನಿಮಾ ನೋಡಲು ಕೂತಿದ್ದ ಆಳುಗಳು ಒಬ್ಬೊಬ್ಬರೇ ಎದ್ದು ಹೋದರು. ಪಾಪಮ್ಮ ಮಾತ್ರ ಕಂಬಕ್ಕೆ ಒರಗಿ ಕೂತೇ ಇದ್ದಳು.

ಸಿನಿಮಾದಲ್ಲಿ ಕೊಲೆ ಮಾಡಿದವನೊಬ್ಬ ಸುಖವಾಗಿದ್ದ. ಸತ್ತವನ ಅಕ್ಕ ಎದುರುಮನೆಗೆ ಬಾಡಿಗೆಗೆ ಬಂದು ದಿನಾ ಸಂಜೆ ಕಿಟಕಿಯಲ್ಲಿ ಒಂದು ದೀಪ ಹಚ್ಚಿಡುತ್ತಿದ್ದಳು. ಅಷ್ಟೇ. ಬೈಗುಳವಿಲ್ಲ, ಕತ್ತಿಯಿಲ್ಲ. ಆ ದೀಪ ನೋಡಿ ನೋಡಿಯೇ ಅವನಿಗೆ ಅನ್ನ ಸೇರದಾಯಿತು.

"ಇದ್ರಲ್ಲಿ ಏನೂ ಆಗೋದೇ ಇಲ್ವಲ್ಲೇ ಮಾರಾಯ್ತಿ. ನಿಂಗೆ ಬೇಜಾರಾಗಲ್ವಾ?" ಎಂದರು ರೂಪಶ್ರೀ.

"ಆಗ್ತಾ ಇದೆ ಅಮ್ಮಾ. ಅವನ ಒಳಗೆ ಆಗ್ತಾ ಇದೆ," ಎಂದಳು ಪಾಪಮ್ಮ.

ಅವಳ ಗಂಡ ಬೊಮ್ಮಯ್ಯ ಸತ್ತು ಒಂದು ಮಳೆಗಾಲ ಕಳೆದಿತ್ತು. ಕಾಡುಹಂದಿಗೆಂದು ಬೇಲಿಗೆ ಕರೆಂಟು ಹರಿಸಿದ್ದವರು ರೂಪಶ್ರೀಯ ಗಂಡ ದಿಲೀಪ್ ಗೌಡರು. ಹೆಣವನ್ನು ಕೆರೆದಂಡೆಯ ಕಲ್ಲಿನ ಬಳಿ ಮಲಗಿಸಿ, "ಇಲ್ಲೇ ನಾಗರ ಕಚ್ಚಿತು, ನಾನೇ ಕಣ್ಣಾರೆ ಕಂಡೆ" ಎಂದು, ಹೊತ್ತು ಮುಳುಗುವುದರೊಳಗೆ ಸುಡಿಸಿದ್ದರು. ಗಂಡನ ಅಂಗೈಗೆ ಅಡ್ಡಲಾಗಿ ತಂತಿ ಸುಟ್ಟ ಕರಿಗೆರೆಯಿದ್ದದ್ದನ್ನು ಪಾಪಮ್ಮ ಹೆಣ ಮೀಯಿಸುವಾಗ ಕಂಡಿದ್ದಳು. ಸಾಕ್ಷಿ ಹೇಳುವ ಬಾಯಿ ಕೂಲಿಲೈನಿನಲ್ಲಿ ಒಂದೂ ಇರಲಿಲ್ಲ. ಹಾಗಾದರೆ ಗೌಡರ ಬಾಯಿಂದಲೇ, ಎಲ್ಲರ ಎದುರಿಗೇ ನಿಜ ಕಕ್ಕಿಸಬೇಕು. ಅವಳಿಗೆ ಬೇಕಾಗಿದ್ದದ್ದು ಅದೊಂದೇ. ದಾರಿ ಮಾತ್ರ ತಿಳಿದಿರಲಿಲ್ಲ, ಆ ಸಿನಿಮಾ ನೋಡುವ ತನಕ.

ಮಾರನೇ ಬೆಳಿಗ್ಗೆ ಅವಳು ಆ ಕಲ್ಲಿಗೆ ಅರಿಶಿನ ಬಳಿದು ಹಾಲೆರೆದಳು. ಗೌಡರು ಜೀಪು ನಿಲ್ಲಿಸಿದರು.

"ಇದೇನೇ ಪಾಪಮ್ಮ?"

"ನಾಗಪ್ಪನಿಗೆ ಗೌಡ್ರೇ. ಜಾಗ ತೋರಿಸಿದ್ದು ನೀವೇ ಅಲ್ವಾ? ಮಾಡದ ಕೊಲೆ ಅವನ ತಲೆಗೆ ಕಟ್ಟಿದ್ರೆ ಕಟ್ಟಿದವರ ಮೈಯೆಲ್ಲ ಹುಣ್ಣಾಗುತ್ತಂತೆ. ಸದ್ಯ, ನೀವು ಕಣ್ಣಾರೆ ಕಂಡಿದ್ರಿ."

ಗೌಡರು ಗೇರು ಹಾಕಿದರು. ಕಲ್ಲನ್ನು ಕಿತ್ತೆಸೆಯೋಣವೆಂದರೆ, ಅರಿಶಿನ ಕಂಡ ನಾಗನಿಗೆ ಕೈಹಚ್ಚುವ ಧೈರ್ಯ ಯಾರಿಗಿದೆ? ಅವಳು ದಿನಾ ಹಾಲೆರೆದಳು. ಜೀಪು ಸುತ್ತುದಾರಿ ಹಿಡಿಯಿತು. ಮಳೆಗಾಲ ಬಂತು. ಗಿಡಗಳಿಗೆ ಔಷಧಿ ಹೊಡೆಯುವ ಕಾಲದಲ್ಲಿ ಗೌಡರ ಕುತ್ತಿಗೆಯಲ್ಲಿ ಪ್ರತಿವರ್ಷ ಏಳುತ್ತಿದ್ದ ತುರಿಕೆ ಆ ಸಲವೂ ಎದ್ದಿತು. ಆ ಸಲ ಮಾತ್ರ ಅವರು ಅದನ್ನು ಬರೀ ತುರಿಕೆ ಎಂದುಕೊಳ್ಳಲಿಲ್ಲ. ಚಿಕ್ಕಮಗಳೂರಿನ ಡಾಕ್ಟರ ಮುಲಾಮು ಹಚ್ಚಿದರು, ಮತ್ತೆ ಕೆರೆದರು, ರಕ್ತ ಬಂತು. ಪಾಪಮ್ಮ ದೂರದಿಂದಲೇ ನೋಡಿದಳು. ಎಂದೂ ಕಾಣದ ಸಿಹಿ ಅವಳ ನಾಲಿಗೆಗೆ ಬಂತು.

ಕಾಫಿ ಹಣ್ಣಾಗುವ ಹೊತ್ತಿಗೆ ಗೌಡರು ತಾವೇ ಹಾಲಿನ ಚೊಂಬು ಹಿಡಿದು ಕಲ್ಲಿನ ಬಳಿ ಬಂದರು.

"ಹಾವಲ್ಲ ಪಾಪಮ್ಮ. ತಂತಿ. ನಂದೇ ತಂತಿ. ಸಾಕಲ್ವಾ?"

"ಅದು ನಂಗೆ ಅವತ್ತೇ ಗೊತ್ತಿತ್ತು ಗೌಡ್ರೇ. ನಾಳೆ ಕಣದಲ್ಲಿ ಎಲ್ರೂ ಸೇರ್ತಾರೆ, ಅಲ್ಲಿ ಹೇಳಿ."

"ಜೈಲಿಗೆ ಹೋಗ್ಬೇಕಾಗುತ್ತೆ."

"ಹೌದು."

"ಹೇಳದಿದ್ರೆ?"

"ಹಾಲು ಎರೀತಾ ಇರ್ತೀನಿ. ನಂಗೇನೂ ಬೇಜಾರಿಲ್ಲ."

ಮರುದಿನ ಗೌಡರು ಕಣಕ್ಕೆ ಬಂದು ನಿಂತರು. ಕೈ ಕುತ್ತಿಗೆಗೆ ಹೋಯಿತು. ಕಾಫಿ ಹರಡುತ್ತಿದ್ದವರ ಕೈಗಳು ನಿಂತವು. ಪಾಪಮ್ಮ ಕಣದಂಚಿನ ಕಂಬಕ್ಕೆ ಒರಗಿ ಕೂತಳು.

"ನಿಧಾನಕ್ಕೆ ಹೇಳಿ ಗೌಡ್ರೇ," ಎಂದಳು. "ಯಾರೂ ಎದ್ದು ಹೋಗಲ್ಲ."