ಸಾರಿನ ಮೇಲೆ ಎರಡು ಬೆರಳು ಎಣ್ಣೆ

ನಮ್ಮೂರಿನಲ್ಲಿ ಎಣ್ಣೆ ತೇಲದ ಸಾರನ್ನು ಸಾರು ಎಂದು ಯಾರೂ ಒಪ್ಪುವುದಿಲ್ಲ. ನೆಂಟರು ಬಂದ ದಿನ ಒಂದು ಬೆರಳು ಎಣ್ಣೆ, ಬೌದ್ಧ ವಿಹಾರಕ್ಕೆ ಊಟ ಕೊಡುವ ದಿನ ಎರಡು ಬೆರಳು. ಕಡಿಮೆ ಹಾಕಿದವಳಿಗೆ ಜಿಪುಣಿ ಎಂಬ ಹೆಸರು ಸಂಜೆಯೊಳಗೆ ಬಂದುಬಿಡುತ್ತದೆ.

ನಾನು ಸೇನ್ ಮ್ಯಾ. ಪಕೊಕ್ಕು ಪೇಟೆಗೆ ಹೋಗುವ ಮಣ್ಣು ರಸ್ತೆಯ ಪಕ್ಕ ನಮ್ಮ ಊರು, ಸುತ್ತಲೂ ಕಡಲೆಕಾಯಿ ಹೊಲ. ನಮ್ಮದು ಗಾಣದ ಮನೆ. ಎತ್ತು ಈಗಲೂ ತಿರುಗುತ್ತದೆ, ಎಣ್ಣೆ ಈಗಲೂ ಇಳಿಯುತ್ತದೆ. ಅಂಥ ಮನೆಯವಳು ಜಿಪುಣಿ ಅನ್ನಿಸಿಕೊಳ್ಳುವುದುಂಟೇ? ನನ್ನ ಕೈ ಎಂದೂ ಸಣ್ಣದಾಗಿರಲಿಲ್ಲ.

ವಿಹಾರದ ಹಿರಿ ಗುರುಗಳಿಗೆ ಹತ್ತೊಂಬತ್ತು ವರ್ಷದಿಂದ ದಿನಾ ನಮ್ಮ ಮನೆಯಿಂದ ಊಟ. ಯಜಮಾನರು ತೀರಿಕೊಂಡಾಗ ನಾನು ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಿದ್ದೆ. ಗುರುಗಳು ಎಂದಿನಂತೆ ಭಿಕ್ಷಾಪಾತ್ರೆ ಹಿಡಿದು ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು. ಮೂರು ದಿನ ಬರಿ ಪಾತ್ರೆ ಹಿಡಿದು ವಾಪಸು ಹೋದರು. ನಾಲ್ಕನೆಯ ದಿನ ನನಗೇ ನಾಚಿಕೆಯಾಗಿ ಎದ್ದು ಒಲೆ ಹಚ್ಚಿದೆ. ನಾನು ಇವತ್ತು ಬದುಕಿದ್ದೇನೆ ಎಂದರೆ ಅವರಿಂದ. ಆ ಋಣಕ್ಕೆ ನನ್ನ ಕೈಲಿದ್ದದ್ದು ಅಡುಗೆಯೊಂದೇ.

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಗುರುಗಳು ಪಗೋಡದ ಮೆಟ್ಟಿಲ ಮೇಲೆ ಎದೆ ಹಿಡಿದುಕೊಂಡು ಕುಸಿದರು. ಪೇಟೆಯ ಆಸ್ಪತ್ರೆಯಲ್ಲಿ ರಕ್ತ ನೋಡಿ, ಕೊಬ್ಬು ಬಹಳ ಇದೆ, ಹೃದಯದ ನಾಳ ಕಟ್ಟಿಕೊಳ್ಳುತ್ತಿದೆ ಎಂದರು. ಮಾತ್ರೆ ಕೊಟ್ಟರು. ಎಣ್ಣೆ ಕಡಿಮೆ ಮಾಡಿ ಎಂದೂ ಹೇಳಿದರಂತೆ. ಆ ಮಾತು ಊರಿಗೆ ಬರುವಷ್ಟರಲ್ಲಿ "ಎಣ್ಣೆ ಕೆಟ್ಟದ್ದಂತೆ" ಎಂದಾಗಿತ್ತು.

ಪಕ್ಕದ ಮನೆ ಮಾ ಚೋ ಫೋನು ಹಿಡಿದುಕೊಂಡು ಓಡಿ ಬಂದಳು.

"ಅಕ್ಕಾ, ನೋಡಿಲ್ಲಿ! ಬೀಜದಿಂದ ತೆಗೆದ ಎಣ್ಣೆಯೆಲ್ಲಾ ವಿಷವಂತೆ. ಹಿಂದಿನವರು ಹಂದಿ ಕೊಬ್ಬು ತಿಂದು ನೂರು ವರ್ಷ ಇದ್ರಂತೆ."

"ಥೂ! ನಮ್ಮ ಗಾಣದೆಣ್ಣೆ ವಿಷವಾ? ಯಾರೇ ಅವನು?"

"ಯಾರೋ ದೊಡ್ಡೋನು. ಕೋಟು ಹಾಕ್ಕೊಂಡಿದಾನೆ."

ಬೈದು ಕಳಿಸಿದೆ. ಆದರೆ ಅಂಜಿಕೆ ಬಿಡಲಿಲ್ಲ. ಹತ್ತೊಂಬತ್ತು ವರ್ಷ ಗುರುಗಳಿಗೆ ನಾನೇ ವಿಷ ಬಡಿಸಿದೆನೇ? ಮಾರನೆಯ ದಿನವೇ ಹಂದಿ ಕೊಬ್ಬು ತಂದು ಕರಗಿಸಿದೆ. ಇದು ಸಹಜವಾದದ್ದು, ಎಷ್ಟು ಹಾಕಿದರೂ ಒಳ್ಳೆಯದೇ ಎಂದುಕೊಂಡು ಎರಡು ಬೆರಳಿದ್ದದ್ದನ್ನು ಮೂರು ಮಾಡಿದೆ. ನನ್ನಂಥ ದಡ್ಡಿ ಇನ್ನೊಬ್ಬಳಿಲ್ಲ.

ಚಳಿ ಬಂತು. ಒಂದು ದಿನ ವಿಹಾರಕ್ಕೆ ಹೋಗಿ ಊಟದ ಡಬ್ಬಿ ಒಪ್ಪಿಸಿ, ನಮಸ್ಕಾರ ಮಾಡಿ, ಎಂದಿನಂತೆ ಅವಸರದಲ್ಲಿ ಹೊರಟಿದ್ದೆ. ಆರೋಗ್ಯ ಕೇಂದ್ರದ ನರ್ಸು ಯಿನ್ ನು ಗುರುಗಳ ರಕ್ತದೊತ್ತಡ ನೋಡಲು ಬಂದಿದ್ದಳು. ನಮ್ಮೂರಿನದೇ ಹುಡುಗಿ, ನನ್ನ ಕಣ್ಣೆದುರಿಗೆ ಬೆಳೆದವಳು. ನನ್ನ ಕೈ ಹಿಡಿದು ಕಂಬದ ಮರೆಗೆ ಎಳೆದಳು.

"ದೊಡ್ಡಮ್ಮ, ಇವತ್ತು ಹೋಗಬೇಡ. ಇಲ್ಲಿ ಕೂತು ನೋಡು."

"ಗಾಣದಲ್ಲಿ ಎತ್ತು ಕಟ್ಟಿ ಬಂದಿದೀನಿ ಕಣೇ."

"ಎತ್ತಿಗೂ ಸ್ವಲ್ಪ ಸುಧಾರಿಸಿಕೊಳ್ಳೋಕೆ ಬಿಡು. ಸುಮ್ನೆ ಕೂತ್ಕೋ."

ಗುರುಗಳು ಡಬ್ಬಿ ತೆಗೆದರು. ಚಳಿಗೆ ಸಾರಿನ ಮೇಲೆ ಕೊಬ್ಬು ಬೆಳ್ಳಗೆ ಹೆಪ್ಪುಗಟ್ಟಿತ್ತು. ಅದನ್ನು ಬೆರಳಿನಿಂದ ಸರಿಸಿ ಒಂದು ಕೋಳಿ ತುಂಡು ತೆಗೆದರು. ಬಟ್ಟಲಲ್ಲಿಟ್ಟು ಅದರ ಮೇಲೆ ಕೆಟಲಿನಿಂದ ಹಾಲಿಲ್ಲದ ಬಿಸಿ ಚಹಾ ನೀರು ಹೊಯ್ದರು. ತುಂಡನ್ನು ತೊಳೆದು, ಹಿಂಡಿ, ಅನ್ನದ ಜೊತೆ ತಿಂದರು. ಮತ್ತೊಂದು ತೆಗೆದರು, ಮತ್ತೆ ತೊಳೆದರು. ನಾನು ಬೆಳಗಿನಿಂದ ಅರೆದು, ಹುರಿದು, ಬೇಯಿಸಿದ ಸಾರು ಆ ಬಟ್ಟಲಲ್ಲಿ ಕೊಳೆನೀರಾಗಿತ್ತು. ನನಗೆ ಅಳು ತಡೆಯಲಾಗಲಿಲ್ಲ. ಹೋಗಿ ಅವರೆದುರು ಕುಸಿದು ಕೂತೆ.

"ಬುದ್ಧಿ, ಯಾಕೆ ಹೇಳಲಿಲ್ಲ? ಬೇಡ ಅಂದಿದ್ರೆ ಆಗ್ತಿರಲಿಲ್ವಾ?"

ಗುರುಗಳು ಸಿಕ್ಕಿಬಿದ್ದ ಕಳ್ಳನಂತಾದರು. ಬಟ್ಟಲನ್ನು ಪಕ್ಕಕ್ಕೆ ಸರಿಸಿದರು.

"ನೀನು ಪ್ರೀತಿಯಿಂದ ತರ್ತೀಯ. ಹಾಕಿದ್ದನ್ನ ಉಣ್ಣೋದು ನನ್ನ ಕೆಲಸ ಕಣಮ್ಮ. ಏನು ಹಾಕಬೇಕು ಅಂತ ಹೇಳೋದು ನನ್ನ ಕೆಲಸ ಅಲ್ಲ."

"ಕಾಯಿಲೆ ಇರೋರು ಕೇಳಬಹುದು ಅಂತ ನಿಮ್ಮ ನೇಮದಲ್ಲೇ ಇದೆ, ಬುದ್ಧಿ" ಎಂದಳು ಯಿನ್ ನು. "ನೀವು ಕೇಳಲ್ಲ ಅಷ್ಟೇ. ಅದಕ್ಕೇ ದೊಡ್ಡಮ್ಮನಿಗೆ ತೋರಿಸಿದೆ. ತೊಳೆದರೂ ಅರ್ಧ ಕೊಬ್ಬು ಒಳಗೇ ಇರುತ್ತೆ. ಎದೆನೋವು ಹೋದ ವಾರ ಮತ್ತೆ ಬಂದಿತ್ತಲ್ಲ, ಅದನ್ನಾದರೂ ಹೇಳಿ."

ಎದೆನೋವು ಮತ್ತೆ ಬಂದಿತ್ತು. ಅದೂ ನನಗೆ ಗೊತ್ತಿರಲಿಲ್ಲ.

ಹೊರಗೆ ಹುಣಸೆ ಮರದ ಕೆಳಗೆ ನಾನು ಅವಳ ಮೇಲೆ ರೇಗಿದೆ. ದುಃಖ ಬಂದರೆ ನನಗೆ ಮೊದಲು ಸಿಟ್ಟೇ ಬರುವುದು.

"ಬೀಜದೆಣ್ಣೆ ವಿಷ ಅಂತಾರೆ. ಸಹಜವಾದ ಕೊಬ್ಬು ಹಾಕಿದ್ರೆ ಅದೂ ತಪ್ಪು ಅಂತೀಯ. ಇನ್ನು ಮಣ್ಣಲ್ಲಿ ಅಡುಗೆ ಮಾಡ್ಲಾ?"

"ಬೀಜದೆಣ್ಣೆ ವಿಷ ಅಂತ ಯಾವ ಡಾಕ್ಟರು ಹೇಳಿದ್ರು ದೊಡ್ಡಮ್ಮ?"

"ಮಾ ಚೋ ಫೋನಿನಲ್ಲಿ ಒಬ್ಬ..."

"ಮಾ ಚೋ ಫೋನು ಯಾವ ಆಸ್ಪತ್ರೆ?" ಅವಳು ನಕ್ಕಳು. ಆಮೇಲೆ ಮೆತ್ತಗೆ ಹೇಳಿದಳು. "ಕಡಲೆಕಾಯಿ ಎಣ್ಣೆ, ಎಳ್ಳೆಣ್ಣೆ ವಿಷ ಅಲ್ಲ. ಹೃದಯಕ್ಕೆ ಹಂದಿ ಕೊಬ್ಬಿಗಿಂತ ಅದೇ ವಾಸಿ ಅಂತ ನಮಗೆ ತರಬೇತೀಲಿ ಕಲಿಸಿದಾರೆ. ಚಳೀಲಿ ಹೆಪ್ಪುಗಟ್ಟೋ ಕೊಬ್ಬು ಅಪರೂಪಕ್ಕೆ ಒಂಚೂರು ಸಾಕು, ಸಹಜವಾಗಿದ್ದರೂ ಅಷ್ಟೇ. ಇವರಿಗಂತೂ ಬೇಡವೇ ಬೇಡ. ನಿನ್ನ ಎಣ್ಣೇಲಿ ತಪ್ಪಿಲ್ಲ ದೊಡ್ಡಮ್ಮ, ನಿನ್ನ ಸೌಟು ದೊಡ್ಡದು."

"ಎಷ್ಟು ಹಾಕಬೇಕು ಹಾಗಾದ್ರೆ?"

"ಒಬ್ಬರಿಗೆ ಇಡೀ ದಿನಕ್ಕೆ ನಾಲ್ಕೈದು ಚಹಾ ಚಮಚ. ಸಾರು, ಪಲ್ಯ, ಕರಿದದ್ದು ಎಲ್ಲಾ ಸೇರಿ. ಅದಿರಲಿ, ಸಾರಿನ ಮೇಲಿನ ಎಣ್ಣೆ ಬಸಿದು ಇಟ್ಕೊಂಡು ಸೋರೆಕಾಯಿ ಬೋಂಡ ಕರೀತೀಯಲ್ಲ?"

"ಚೆಲ್ಲೋಕಾಗುತ್ತಾ? ನಮ್ಮ ಎಣ್ಣೆ!"

"ಮತ್ತೆ ಮತ್ತೆ ಹೊಗೆ ಬರೋವರೆಗೆ ಕಾಯಿಸಿದ್ರೆ ಒಳ್ಳೆ ಎಣ್ಣೆನೂ ಕೆಡುತ್ತೆ. ಬೂಷ್ಟು ಹಿಡಿದ ಕಡಲೆಕಾಯೀನೂ ಗಾಣಕ್ಕೆ ಹಾಕಬೇಡ, ಅದು ಲಿವರಿಗೆ ಹಾನಿ. ಪೇಟೇಲಿ ತಗೊಳ್ಳೋರು ತಾರೀಖು ನೋಡಿ ಮುದ್ರೆ ಇರೋ ಎಣ್ಣೆ ತಗೊಳ್ಳಲಿ, ಹೆಸರಿಲ್ಲದ ಡ್ರಮ್ಮಿನದು ಬೇಡ."

ಬೂಷ್ಟಿನ ಮಾತಿಗೆ ನಾನು ತಲೆ ತಗ್ಗಿಸಿದೆ. ಮಳೆಗಾಲದಲ್ಲಿ ಅಂಥವನ್ನು ಒಂದೆರಡು ಹಿಡಿ ಬೆರೆಸಿದ್ದು ನನಗೆ ಗೊತ್ತು, ದೇವರಿಗೆ ಗೊತ್ತು.

"ಎಣ್ಣೆ ತೇಲದ ಸಾರು ತಗೊಂಡು ಹೋದ್ರೆ ಊರು ನನ್ನ ಏನನ್ನುತ್ತೆ ಕಣೇ?"

"ಜಿಪುಣಿ ಅನ್ನುತ್ತೆ. ಅನ್ನಿಸಿಕೋ. ಗುರುಗಳು ಉಳೀಲಿ."

ಆ ಮಾತು ನಾಟಿತು. ಆ ಸಂಜೆ ಅವಳೇ ನಮ್ಮ ಒಲೆಯ ಮುಂದೆ ನಿಂತಳು. ಎರಡು ಚಮಚ ಗಾಣದೆಣ್ಣೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಶುಂಠಿ ಹುರಿದಳು. ತಳ ಹಿಡಿಯುವಾಗ ಎಣ್ಣೆ ಡಬ್ಬಿಗೆ ಕೈ ಹಾಕಿದ ನನ್ನ ಕೈಗೆ ಒಂದು ಏಟು ಕೊಟ್ಟು ನೀರು ಚಿಮುಕಿಸಿದಳು. ಚರ್ಮ, ಕೊಬ್ಬು ತೆಗೆದ ಕೋಳಿ ಹಾಕಿ ಮುಚ್ಚಿಟ್ಟಳು. ಸಾರಿಗೆ ಹಾಕುವ ಮೀನಿನ ಉಪ್ಪುಗೊಜ್ಜನ್ನೂ ಉಪ್ಪು ಜಾಸ್ತಿಯೆಂದು ಅರ್ಧ ಮಾಡಿಸಿದಳು. ರುಚಿ ನೋಡಿದೆ. ಚೆನ್ನಾಗಿತ್ತು. ಎರಡನೆಯ ಸಲ ಬಡಿಸಿಕೊಂಡೆ.

ಮಾರನೆಯ ದಿನ ವಿಹಾರದ ಅಂಗಳದಲ್ಲಿ ಮಾ ಚೋ ನನ್ನ ಡಬ್ಬಿಯೊಳಗೆ ಇಣುಕಿದಳು.

"ಏನಕ್ಕಾ, ಎತ್ತು ಸತ್ತೋಯ್ತಾ? ಗಾಣ ನಿಂತಿದೆಯಾ?"

ಸುತ್ತಲಿದ್ದ ಹೆಂಗಸರೆಲ್ಲ ಕಿಸಕ್ಕೆಂದರು. ಕಿವಿ ಬಿಸಿಯಾಯಿತು. ಆದರೂ ನಿಂತೆ.

"ಎತ್ತು ಚೆನ್ನಾಗಿದೆ. ಗುರುಗಳು ಚೆನ್ನಾಗಿರಲಿ ಅಂತ ಎಣ್ಣೆ ಕಮ್ಮಿ ಹಾಕಿದೀನಿ. ನೀನು ತಂದಿರೋದನ್ನ ಅವರು ಹೇಗೆ ಉಣ್ತಾರೆ ನೋಡಬೇಕಾ? ಬಾ, ಕಂಬದ ಹಿಂದೆ ಕೂತ್ಕೋ."

ಬಂದಳು. ಕೂತಳು. ಗುರುಗಳು ಅವಳ ಹಂದಿ ಸಾರಿನ ತುಂಡನ್ನು ಚಹಾ ನೀರಿನಲ್ಲಿ ತೊಳೆಯುವುದನ್ನು ನೋಡಿದಳು. ಆಮೇಲೆ ನನ್ನ ಡಬ್ಬಿ ತೆಗೆದರು. ಕೆಟಲಿಗೆ ಕೈ ಹಾಕಿದರು, ಸಾರು ನೋಡಿದರು, ಕೈ ಹಿಂದಕ್ಕೆ ತೆಗೆದರು. ಹಾಗೆಯೇ ಅನ್ನಕ್ಕೆ ಕಲಸಿಕೊಂಡು ಉಂಡರು. ಮಾ ಚೋ ನನ್ನ ಕೈ ಹಿಡಿದುಕೊಂಡು ಅತ್ತಳು. ಆ ವಾರ ಇಡೀ ಬೀದಿಗೆ ಸುದ್ದಿ ಹರಡಿದವಳು ಅವಳೇ.

ಈಗ ಬೇಸಿಗೆ. ಗುರುಗಳ ಮಾತ್ರೆ ನಿಂತಿಲ್ಲ, ನಿಲ್ಲಿಸಲೂ ಬಾರದು ಎಂದು ಯಿನ್ ನು ಗದರಿದ್ದಾಳೆ. ಆದರೆ ಮೊನ್ನೆಯ ರಕ್ತ ಪರೀಕ್ಷೆಯಲ್ಲಿ ಕೊಬ್ಬು ಇಳಿದಿದೆ, ಎದೆನೋವು ಮರುಕಳಿಸಿಲ್ಲ. ಆ ಹುಡುಗಿಗೆ ನಾನು ಏನು ಕೊಟ್ಟರೂ ಕಡಿಮೆ. ಅವಳ ಹೊಟ್ಟೆ ತಣ್ಣಗಿರಲಿ. ಗುರುಗಳ ಉಪಕಾರ ತೀರಿಸಲು ಹೋಗಿ ಅವರನ್ನೇ ಕಳೆದುಕೊಳ್ಳುತ್ತಿದ್ದೆ. ಕೈ ಹಿಡಿದು ಕೂರಿಸಿದಳಲ್ಲ, ಅದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

ಇದನ್ನು ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಫೋನಿನಲ್ಲಿ ಬಂದದ್ದನ್ನು ನಂಬಿ ಎಣ್ಣೆ ಬದಲಾಯಿಸುವ ಮೊದಲು ನಿಮ್ಮ ಆರೋಗ್ಯ ಕೇಂದ್ರದಲ್ಲಿ ಒಂದು ಮಾತು ಕೇಳಿ. ಒಳ್ಳೆಯ ಎಣ್ಣೆಯನ್ನೇ ತನ್ನಿ, ಅಳತೆಯಲ್ಲಿ ಹಾಕಿ, ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬೇಡಿ. ನಿಮ್ಮ ಮನೆಯಲ್ಲೂ ಬಡಿಸಿದ್ದನ್ನು ತುಟಿ ಪಿಟಕ್ಕೆನ್ನದೆ ಉಣ್ಣುವವರು ಇದ್ದಾರೆ. ವಯಸ್ಸಾದ ಅಮ್ಮ ಇರಬಹುದು, ದುಡಿದು ಬಂದ ಗಂಡ ಇರಬಹುದು, ಪುಟ್ಟ ಮಗು ಇರಬಹುದು. ನಿಮಗೆ ಬೇಜಾರಾದೀತೆಂದು ಅವರು ಬೇಡ ಎನ್ನುವುದಿಲ್ಲ. ಇವತ್ತು ಬಡಿಸಿದ ಮೇಲೆ ಎದ್ದು ಹೋಗಬೇಡಿ. ಪಕ್ಕದಲ್ಲಿ ಕೂತು, ಅವರು ಹೇಗೆ ಉಣ್ಣುತ್ತಾರೆ ನೋಡಿ.